ಸೋದೆಯ ಭಟ್ಟಾಕಳಂಕದೇವರು: ಕನ್ನಡಕ್ಕೆ ಶಾಸ್ತ್ರಾಧಿಕಾರವನ್ನು ದೊರಕಿಸಿದ ಆಚಾರ್ಯರು

ನಾಡಹಬ್ಬದ ದಿನಗಳಲ್ಲಿ ಕನ್ನಡದ ಹಿರಿಯರನ್ನು ಸಭೆ ಸೇರಿ ಸ್ಮರಿಸುವದು ನಮ್ಮಲ್ಲಿ ರೂಢವಾಗಿರುವ ಒಂದು ಒಳ್ಳೆಯ ಪದ್ಧತಿಯು. ಪಂಪ, ರನ್ನ, ಕುಮಾರವ್ಯಾಸ, ಕೇಶಿರಾಜ ಎಂಬ ಹೆಸರುಗಳು ವೇದಿಕೆಯ ಮೇಲೆ ತಪ್ಪದೆ ಬರುತ್ತವೆ. ಆದರೆ ಸಿರಸಿ, ಸಿದ್ಧಾಪುರ, ಯಲ್ಲಾಪುರಗಳ ಸಭೆಗಳಲ್ಲಿ ಬರಲೇಬೇಕಾದ ಒಂದು ಹೆಸರು ಅಲ್ಲಿ ಕೇಳಿಬರುವದು ಅಪರೂಪ. ಅದು ಭಟ್ಟಾಕಳಂಕದೇವರ ಹೆಸರು. ಕನ್ನಡವು ಹಾಡಿಗೂ ಹರಟೆಗೂ ಮಾತ್ರ ತಕ್ಕ ನುಡಿಯಲ್ಲ, ಅದು ಶಾಸ್ತ್ರಕ್ಕೆ ಅಧಿಕಾರವುಳ್ಳ ಭಾಷೆ ಎಂದು ನಾಲ್ಕು ನೂರು ವರುಷಗಳಿಗೂ ಹಿಂದೆ ಪಂಡಿತರ ಮುಂದೆ ಸಾಧಿಸಿ ತೋರಿಸಿದ ಆಚಾರ್ಯರು ಇವರು. ಇವರ ಚರಿತ್ರವನ್ನು ವಾಚಕರ ಮುಂದಿಡುವದಕ್ಕೆ ನಮಗೆ ಇನ್ನೊಂದು ಕಾರಣವೂ ಉಂಟು. ನಮ್ಮ ಕಚೇರಿಗಳ ಸುತ್ತೋಲೆಗಳಲ್ಲಿಯೂ ಸಭೆಗಳ ಪರಿಚಯಭಾಷಣಗಳಲ್ಲಿಯೂ ಈಗ ಹಬ್ಬುತ್ತಿರುವ ಒಂದು ವಕ್ರವಾದ ವಾಕ್ಯರೀತಿಗೆ ಮದ್ದು ಇವರ ವಿದ್ಯೆಯಲ್ಲಿಯೇ ಇದೆ. ಅದೇನೆಂಬುದನ್ನು ಮುಂದೆ ವಿವರಿಸುವೆವು.

ಮೊದಲು ಹೆಸರಿನ ವಿಚಾರ. ಜೈನ ತರ್ಕಶಾಸ್ತ್ರದಲ್ಲಿ ಮಹಾಪ್ರಮಾಣರೆನಿಸಿದ ಅಕಳಂಕದೇವರು 8ನೆಯ ಶತಮಾನದವರು. ತತ್ತ್ವಾರ್ಥಸೂತ್ರಕ್ಕೆ ರಾಜವಾರ್ತಿಕವನ್ನು ಬರೆದವರು. ನಾವು ಹೇಳುತ್ತಿರುವ ಭಟ್ಟಾಕಳಂಕದೇವರು ಅವರಲ್ಲ. ಅವರಿಗಿಂತ ಎಂಟು ಶತಮಾನ ಈಚಿನವರು. ಹಿರಿಯ ಗುರುಗಳ ಹೆಸರನ್ನು ಪೀಠದ ಹೆಸರಾಗಿ ಉಳಿಸಿಕೊಂಡು ಬರುವದು ಜೈನ ಮಠಗಳ ಸಂಪ್ರದಾಯವು. ಸೋದೆಯ ಜೈನ ಮಠದ ಭಟ್ಟಾರಕರು ಇಂದಿಗೂ ಭಟ್ಟಾಕಳಂಕ ಎಂಬ ಹೆಸರಿನಿಂದಲೇ ಪಟ್ಟವೇರುತ್ತಾರೆ. ಈ ಹೆಸರಿನೊಳಗೆ ವ್ಯಾಕರಣದ ಒಂದು ಚಿಕ್ಕ ಪಾಠವೂ ಅಡಗಿದೆ. ಅಕಳಂಕ ಎಂಬುದು ಬಹುವ್ರೀಹಿ ಸಮಾಸವು. ಸಂಸ್ಕೃತದಲ್ಲಿ ಅದನ್ನು ಬಿಡಿಸುವಾಗ ಕಳಂಕವು ಯಾರಿಗೆ ಇಲ್ಲವೋ ಅವರು ಎಂಬ ಅರ್ಥವನ್ನು ತರಲು "ಯಸ್ಯ" ಎಂಬ ಸರ್ವನಾಮವನ್ನು ಬಳಸಬೇಕು. ಕನ್ನಡದಲ್ಲಿ ಅಷ್ಟು ಸುತ್ತು ಬೇಡ. ಕಳಂಕವಿಲ್ಲದವರು ಎಂದರೆ ಮುಗಿಯಿತು. ಈ ಎರಡು ದಾರಿಗಳ ಅಂತರವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿಯು.

ಆಚಾರ್ಯರ ಗುರುಮನೆಯು ಹಾಡುವಳ್ಳಿ. ಅದು ಈಗಿನ ಭಟ್ಕಳ ತಾಲೂಕಿನಲ್ಲಿ, ಘಟ್ಟದ ಕೆಳಗೆ, ಕಾಡಿನ ನಡುವೆ ಇರುವ ಒಂದು ಹಳ್ಳಿಯು. ಸಂಸ್ಕೃತದಲ್ಲಿ ಅದನ್ನು ಸಂಗೀತಪುರವೆಂದು ಕರೆದರು. ಸಾಳುವ ಮನೆತನದ ಜೈನ ಅರಸರು ಆಳಿದ ಆ ಊರು ಒಂದು ಕಾಲಕ್ಕೆ ಬಸದಿಗಳಿಂದಲೂ ಪಂಡಿತರಿಂದಲೂ ತುಂಬಿತ್ತು. ಅಲ್ಲಿಯ ಮಠದ ಅಕಳಂಕದೇವರು ನಮ್ಮ ಆಚಾರ್ಯರ ಗುರುಗಳು. ಸಿದ್ಧಾಪುರ ತಾಲೂಕಿನ ಬಿಳಗಿಯಲ್ಲಿರುವ ರತ್ನತ್ರಯ ಬಸದಿಯ ಶಾಸನವು ಈ ಸಂಗೀತಪುರದ ಗುರುಪರಂಪರೆಯನ್ನು ಗೌರವದಿಂದ ಹಾಡಿದೆ. ಘಟ್ಟದ ಮೇಲೆ, ಸಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಹಾದಿಯ ಸಮೀಪದಲ್ಲಿ, ಸುಧಾಪುರವೆಂಬ ಸಂಸ್ಕೃತ ಹೆಸರುಳ್ಳ ಸೋದೆಯಿದೆ. 19ನೆಯ ಶತಮಾನದಲ್ಲಿ ರಾಜಾವಳೀ ಕಥೆಯನ್ನು ಬರೆದ ದೇವಚಂದ್ರನು ಭಟ್ಟಾಕಳಂಕರನ್ನು ಈ ಸುಧಾಪುರದೊಡನೆಯೇ ಸೇರಿಸಿ ಹೇಳಿದ್ದಾನೆ. ಹೀಗೆ ಘಟ್ಟದ ಕೆಳಗಿನ ಹಾಡುವಳ್ಳಿ, ಘಟ್ಟದ ಮೇಲಿನ ಬಿಳಗಿ ಮತ್ತು ಸೋದೆ ಈ ಮೂರೂ ಸ್ಥಳಗಳು ಆಚಾರ್ಯರ ಪರಂಪರೆಯಲ್ಲಿ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿವೆ.

ಅವರ ಕಾಲವು ನೆಮ್ಮದಿಯ ಕಾಲವಾಗಿರಲಿಲ್ಲ. 1565ರಲ್ಲಿ ವಿಜಯನಗರದ ಸೈನ್ಯವು ಸೋತು ರಾಜಧಾನಿಯು ಹಾಳಾದ ಮೇಲೆ ಕನ್ನಡನಾಡಿನಲ್ಲಿ ಪಂಡಿತರಿಗೆ ಆಶ್ರಯವೀಯುವ ದೊಡ್ಡ ಆಸ್ಥಾನವು ಇಲ್ಲವಾಯಿತು. ಕೆಳದಿ, ಸೋದೆ, ಬಿಳಗಿ, ಗೇರಸೊಪ್ಪೆ ಮೊದಲಾದ ಸಣ್ಣ ಸಂಸ್ಥಾನಗಳೇ ವಿದ್ಯೆಗೆ ನೆರಳಾಗಬೇಕಾಯಿತು. ಆ ನೆರಳಾದರೂ ಚಿಕ್ಕದಾಗಿರಲಿಲ್ಲ. ಸೋದೆಯೊಂದರಲ್ಲಿಯೇ ಅರಸಪ್ಪನಾಯಕನ ಕಾಲದಲ್ಲಿ ವಾದಿರಾಜಯತಿಗಳು ನೆಲೆನಿಂತು ಕನ್ನಡದಲ್ಲಿ ದೇವರನಾಮಗಳನ್ನು ಹಾಡಿದರು. ಅದೇ ಸೀಮೆಯಲ್ಲಿ ಸ್ವರ್ಣವಲ್ಲೀ ಮಠವೂ ಜೈನ ಮಠವೂ ಬೆಳೆದವು. ಮೂರು ಮತಗಳ ಮಠಗಳು ಒಂದೇ ಕಾಡಿನ ಅಂಚಿನಲ್ಲಿ ನೆರೆಹೊರೆಯಾಗಿ ಬಾಳಿದ ಈ ನೆಲದಲ್ಲಿ, ವಾದಕ್ಕೂ ಪ್ರತಿವಾದಕ್ಕೂ ಪಂಡಿತರ ಕೊರತೆ ಇರಲಿಲ್ಲ. ಕನ್ನಡವು ಶಾಸ್ತ್ರಕ್ಕೆ ತಕ್ಕುದೋ ಅಲ್ಲವೋ ಎಂಬ ಪ್ರಶ್ನೆಯು ಇಂಥ ಪಂಡಿತಮಂಡಲಿಗೆ ಬರಿಯ ಕುತೂಹಲವಾಗಿರದೆ ಮಾನದ ಪ್ರಶ್ನೆಯಾಗಿತ್ತು.

ಆಚಾರ್ಯರ ಓದು ವಿಸ್ತಾರವಾದುದು. ಕನ್ನಡ, ಸಂಸ್ಕೃತ, ಪ್ರಾಕೃತ, ಮಾಗಧಿಗಳು ಸೇರಿ ಆರು ಭಾಷೆಗಳು ಅವರಿಗೆ ಬರುತ್ತಿದ್ದವೆಂದು ಹೇಳಿಕೆಯಿದೆ. ಜೈನ ಯತಿಗೆ ಇದು ಅನಿವಾರ್ಯವಾದ ಶಿಕ್ಷಣವೇ ಸರಿ. ಆಗಮಗಳಿಗೆ ಪ್ರಾಕೃತ ಬೇಕು, ತರ್ಕಕ್ಕೂ ವ್ಯಾಕರಣಕ್ಕೂ ಸಂಸ್ಕೃತ ಬೇಕು, ಶ್ರಾವಕರಿಗೆ ಧರ್ಮವನ್ನು ತಿಳಿಸುವದಕ್ಕೆ ಕನ್ನಡ ಬೇಕು. ಹಲವು ನುಡಿಗಳನ್ನು ಬಲ್ಲವರಿಗೆ ಮಾತ್ರ ಒಂದು ನುಡಿಯ ಸ್ವಭಾವವು ಇನ್ನೊಂದರ ಸ್ವಭಾವಕ್ಕಿಂತ ಹೇಗೆ ಬೇರೆಯೆಂಬುದು ಕಣ್ಣಿಗೆ ಬೀಳುತ್ತದೆ. ಸಂಸ್ಕೃತವನ್ನು ಮಾತ್ರ ಓದಿದವನು ಕನ್ನಡವನ್ನು ಅದರ ಕೆಟ್ಟ ಪ್ರತಿಯೆಂದು ಕಾಣುವನು. ಕನ್ನಡವನ್ನು ಮಾತ್ರ ಬಲ್ಲವನು ಅದರ ನಿಯಮಗಳನ್ನು ಉಸಿರಾಟದಂತೆ ಗಮನಿಸದೆ ಬಿಡುವನು. ಆಚಾರ್ಯರು ಎರಡನ್ನೂ ತೂಗಿ ನೋಡಬಲ್ಲವರಾಗಿದ್ದರು.

ಆ ತೂಗಿನೋಡಿದ ಫಲವೇ ಕರ್ಣಾಟಕ ಶಬ್ದಾನುಶಾಸನವು. ಇದು 1604ರಲ್ಲಿ ಮುಗಿದ ಗ್ರಂಥವು. ಸಂಸ್ಕೃತದಲ್ಲಿ ರಚಿಸಿದ 592 ಸೂತ್ರಗಳು ಇದರಲ್ಲಿವೆ. ಸೂತ್ರಗಳಿಗೆ ಭಾಷಾಮಂಜರಿಯೆಂಬ ವೃತ್ತಿಯೂ, ಆ ವೃತ್ತಿಗೆ ಮಂಜರೀಮಕರಂದವೆಂಬ ವಿಸ್ತಾರವಾದ ವ್ಯಾಖ್ಯಾನವೂ ಉಂಟು. ಕನ್ನಡದ ಸಂಧಿ, ವಿಭಕ್ತಿ, ಸಮಾಸ, ತದ್ಧಿತ, ಕ್ರಿಯಾಪದಗಳ ನಿಯಮಗಳನ್ನೆಲ್ಲ ಸೂತ್ರದ ಬಿಗಿಯಲ್ಲಿ ಕಟ್ಟಿ, ಪಂಪನಿಂದ ಮೊದಲಾಗಿ ಹಿಂದಿನ ಕವಿಗಳ ಪ್ರಯೋಗಗಳನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ಹಳಗನ್ನಡದ ಮೂವರು ದೊಡ್ಡ ವೈಯಾಕರಣರಲ್ಲಿ ಇವರು ಕೊನೆಯವರು. ಮೊದಲಿನವನಾದ ಎರಡನೆಯ ನಾಗವರ್ಮನು ಕರ್ಣಾಟಕ ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿಯೇ ಬರೆದನು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ಕನ್ನಡದ ಕಂದಪದ್ಯಗಳಲ್ಲಿ ರಚಿಸಿದನು. ಭಟ್ಟಾಕಳಂಕರು ಬರೆಯುವ ಹೊತ್ತಿಗೆ ಜನರ ಬಾಯಲ್ಲಿಯೂ ಷಟ್ಪದಿಗಳಲ್ಲಿಯೂ ನಡುಗನ್ನಡವು ನೆಲೆಯೂರಿ, ಪಂಪ ರನ್ನರ ಭಾಷೆಯು ಹಳತಾಗಿತ್ತು. ಅದು ಪೂರ್ತಿಯಾಗಿ ಮರೆತುಹೋಗುವ ಮೊದಲು ಅದರ ಕಟ್ಟನ್ನು ಹಿಡಿದಿಡುವ ಕೆಲಸವು ಇವರ ಪಾಲಿಗೆ ಬಂದಿತು. ಪಂಪನು ಮೆಚ್ಚಿ ಹಾಡಿದ ಬನವಾಸಿಯೂ, ಪಂಪನ ನುಡಿಗೆ ಕೊನೆಯ ವ್ಯಾಕರಣವನ್ನು ಬರೆದವರ ಸೋದೆಯೂ ಇಂದು ಒಂದೇ ಸಿರಸಿ ತಾಲೂಕಿನಲ್ಲಿ ಸೇರಿರುವದು ಈ ಸೀಮೆಯವರು ಹೆಮ್ಮೆಪಡತಕ್ಕ ಸಂಗತಿಯಾಗಿದೆ.

ಗ್ರಂಥದ ಆರಂಭದಲ್ಲಿಯೇ ಆಚಾರ್ಯರು ಒಂದು ವ್ಯಾಜ್ಯವನ್ನು ಕೈಗೆತ್ತಿಕೊಳ್ಳುತ್ತಾರೆ. ಕನ್ನಡಕ್ಕೆ ವ್ಯಾಕರಣವೇಕೆ, ಅದು ಶಾಸ್ತ್ರಕ್ಕೆ ಉಪಯೋಗವಾದ ಭಾಷೆಯಲ್ಲವಷ್ಟೆ ಎಂಬ ಆಕ್ಷೇಪವನ್ನು ತಾವೇ ಎತ್ತಿ, ಅದಕ್ಕೆ ಸಮಾಧಾನವನ್ನು ಹೇಳುತ್ತಾರೆ. ಆ ಸಮಾಧಾನವು ಭಾವಾವೇಶದ ಮಾತಲ್ಲ, ದಾಖಲೆಯ ಮಾತು. ತತ್ತ್ವಾರ್ಥಮಹಾಶಾಸ್ತ್ರಕ್ಕೆ ಕನ್ನಡದಲ್ಲಿ ಚೂಡಾಮಣಿಯೆಂಬ ವ್ಯಾಖ್ಯಾನವಿದೆಯೆಂದೂ, ಅದರ ಪ್ರಮಾಣವು 96,000 ಗ್ರಂಥಗಳೆಂದೂ ಅವರು ತೋರಿಸುತ್ತಾರೆ. ಇಲ್ಲಿ ಗ್ರಂಥವೆಂದರೆ ಪುಸ್ತಕವಲ್ಲ. 32 ಅಕ್ಷರಗಳ ಅಳತೆಯು. ಇದಲ್ಲದೆ ಶಬ್ದಶಾಸ್ತ್ರ, ಯುಕ್ತಿಶಾಸ್ತ್ರ, ಪರಮಾಗಮಗಳನ್ನು ಕುರಿತೂ, ಕಾವ್ಯ ನಾಟಕ ಅಲಂಕಾರ ಕಲೆಗಳನ್ನು ಕುರಿತೂ ಕನ್ನಡದಲ್ಲಿ ಬಹಳ ಗ್ರಂಥಗಳಿವೆಯೆಂದು ಎಣಿಸಿ ಹೇಳುತ್ತಾರೆ. ಒಂದು ಭಾಷೆಯಲ್ಲಿ ಶಾಸ್ತ್ರವು ಆಗಲೇ ಬರೆಯಲ್ಪಟ್ಟಿರುವಾಗ ಅದು ಶಾಸ್ತ್ರಕ್ಕೆ ಅನರ್ಹವೆಂದು ಹೇಗೆ ಹೇಳಬಹುದು ಎಂಬುದು ಅವರ ವಾದದ ತಿರುಳು. ಕನ್ನಡದ ಹಕ್ಕಿಗಾಗಿ ವಾದಿಸುವ ನಮ್ಮ ಕಾಲದವರು ಈ ರೀತಿಯನ್ನು ಕಲಿಯಬೇಕು. ಎದುರಾಳಿಯನ್ನು ಹಳಿಯುವದರಿಂದ ಭಾಷೆಯು ಬೆಳೆಯದು. ಆ ಭಾಷೆಯಲ್ಲಿ ಆದ ಕೆಲಸವನ್ನು ಮುಂದಿಟ್ಟಾಗ ಎದುರಾಳಿಯು ತಾನೇ ಸುಮ್ಮನಾಗುವನು.

ಕನ್ನಡದ ಅಭಿಮಾನಿಯಾದ ಆಚಾರ್ಯರು ತಮ್ಮ ಸೂತ್ರಗಳನ್ನು ಸಂಸ್ಕೃತದಲ್ಲಿ ಬರೆದುದೇಕೆ ಎಂದು ಕೆಲವರು ಕೇಳುವದುಂಟು. ಕೇಳತಕ್ಕ ಪ್ರಶ್ನೆಯೇ. ವಾದವು ಯಾವ ಸಭೆಯಲ್ಲಿ ನಡೆಯುತ್ತಿದೆಯೋ ಆ ಸಭೆಯ ಭಾಷೆಯಲ್ಲಿಯೇ ಅದನ್ನು ಗೆಲ್ಲಬೇಕು. ಕನ್ನಡವನ್ನು ಕೀಳಾಗಿ ಕಾಣುತ್ತಿದ್ದವರು ಸಂಸ್ಕೃತ ಪಂಡಿತರು. ಅವರು ಒಪ್ಪುವ ಸೂತ್ರ, ವೃತ್ತಿ, ವ್ಯಾಖ್ಯಾನಗಳ ಮೂರು ಅಂತಸ್ತಿನ ಕಟ್ಟಡದಲ್ಲಿಯೇ ಕನ್ನಡವನ್ನು ಪ್ರತಿಷ್ಠೆಮಾಡಿ ತೋರಿಸಿದರೆ ಅವರಿಗೆ ಮಾತಿಲ್ಲದಾಗುವದು. ಶಬ್ದಾನುಶಾಸನವೆಂಬ ಹೆಸರಾದರೂ ಅಂಥದೇ. ರಾಷ್ಟ್ರಕೂಟರ ಕಾಲದ ಜೈನ ವೈಯಾಕರಣನಾದ ಶಾಕಟಾಯನನ ಸಂಸ್ಕೃತ ವ್ಯಾಕರಣಕ್ಕೂ ಅದೇ ಹೆಸರು. ಆದರೆ ಹೆಸರು ಸಂಸ್ಕೃತದ್ದಾಯಿತೆಂದು, ಕಟ್ಟಡವು ಸಂಸ್ಕೃತದ್ದಾಯಿತೆಂದು, ಒಳಗಿರುವ ನಿಯಮಗಳನ್ನೂ ಸಂಸ್ಕೃತದಿಂದ ಎರವಲು ತರುವ ತಪ್ಪನ್ನು ಅವರು ಮಾಡಲಿಲ್ಲ. ಕನ್ನಡದ ಪ್ರಯೋಗವು ಹೇಗಿದೆಯೋ ಹಾಗೆ ನಿಯಮವನ್ನು ಹೇಳಿದರು. ಪರಭಾಷೆಯಲ್ಲಿ ಬರೆಯುತ್ತಿದ್ದರೂ ತಾಯ್ನುಡಿಯ ಮರ್ಯಾದೆಯನ್ನು ಕಾಯ್ದರು. ಇಂದು ನಮ್ಮಲ್ಲಿ ನಡೆಯುತ್ತಿರುವದು ಇದಕ್ಕೆ ತಲೆಕೆಳಗು; ತಾಯ್ನುಡಿಯಲ್ಲಿ ಬರೆಯುತ್ತಿದ್ದರೂ ಪರಭಾಷೆಯ ಕಟ್ಟನ್ನು ಹೊತ್ತು ತರುತ್ತೇವೆ.

ಈ ಮಾತನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸುವೆವು. ಒಬ್ಬರ ಪಾಂಡಿತ್ಯವು ಯಾವ ವಿಷಯದಲ್ಲಿದೆ ಎಂಬುದನ್ನು ಹೇಳಬೇಕಾದಾಗ ಇಂಗ್ಲಿಷಿನವರು "ಹೂಸ್" ಎಂಬ ಸಂಬಂಧಾರ್ಥಕ ಸರ್ವನಾಮದ ಷಷ್ಠೀ ರೂಪವನ್ನು ಬಳಸುತ್ತಾರೆ. ಸಂಸ್ಕೃತದವರು ಅದೇ ಜಾಗದಲ್ಲಿ "ಯಸ್ಯ" ಎಂಬುದನ್ನು ಬಳಸುತ್ತಾರೆ, ಇಲ್ಲವೆ ಅದನ್ನು ಸಮಾಸದೊಳಗೆ ಅಡಗಿಸಿಬಿಡುತ್ತಾರೆ. ಬಹುಶ್ರುತ ಎಂದರೆ ಬಹಳ ಕೇಳಿ ಕಲಿತುದು ಯಾರಿಗೆ ಉಂಟೋ ಅವರು. ಕನ್ನಡದಲ್ಲಾದರೋ ಇವಕ್ಕೆ ಸರಿಯಾಗಿ ನಿಲ್ಲುವ ಶಬ್ದವೇ ಇಲ್ಲ. ದ್ರಾವಿಡ ಭಾಷೆಗಳಲ್ಲಿ ಇಂಥ ಸರ್ವನಾಮವಿಲ್ಲದಿರುವದನ್ನೂ, ಅದರ ಕೆಲಸವನ್ನು ಕೃದಂತಗಳು ಮಾಡುವದನ್ನೂ ಈ ಭಾಷಾವರ್ಗದ ಒಂದು ಮುಖ್ಯ ಲಕ್ಷಣವೆಂದು ಕಾಲ್ಡ್‌ವೆಲ್ಲನು 1856ರಲ್ಲಿಯೇ ತನ್ನ ತುಲನಾತ್ಮಕ ವ್ಯಾಕರಣದಲ್ಲಿ ಗುರುತಿಸಿದನು. ಶಬ್ದವಿಲ್ಲವೆಂದ ಮಾತ್ರಕ್ಕೆ ಅರ್ಥಕ್ಕೆ ಬಡತನವಿಲ್ಲ. ವ್ಯಾಕರಣವನ್ನು ಬಲ್ಲ ಆಚಾರ್ಯರು, ತರ್ಕದಲ್ಲಿ ನುರಿತ ಯತಿಗಳು, ಕಾಯಿದೆಯನ್ನು ಅರಿತ ವಕೀಲರು, ನಾಡಿ ನೋಡಬಲ್ಲ ವೈದ್ಯರು ಎನ್ನುವಾಗ ಬಲ್ಲ, ನುರಿತ, ಅರಿತ ಎಂಬ ಕೃದಂತಗಳು ಎರಡಕ್ಷರ ಮೂರಕ್ಷರಗಳಲ್ಲಿ "ಹೂಸ್" ಎಂಬುದರ ಕೆಲಸವನ್ನೆಲ್ಲ ಮಾಡಿಬಿಡುತ್ತವೆ.

ಕನ್ನಡಕ್ಕೆ ಇನ್ನೂ ಎರಡು ದಾರಿಗಳುಂಟು. ಒಂದು ಬಹುವ್ರೀಹಿಯು. ಮುಕ್ಕಣ್ಣ, ಹಣೆಗಣ್ಣ ಎಂಬ ಅಚ್ಚಗನ್ನಡ ಸಮಾಸಗಳು ಎಲ್ಲರಿಗೂ ಪರಿಚಿತವಾದವು. ಇನ್ನೊಂದು ತದ್ಧಿತವು. ಇದೇ ನಮ್ಮ ಸೀಮೆಯವರ ದಿನಬಳಕೆಯ ದಾರಿ. ಗಂಧದ ಮರದಲ್ಲಿ ದೇವರನ್ನೂ ಬಳ್ಳಿಯನ್ನೂ ಕಡೆಯುವವರು ಸಿರಸಿಯ ಗುಡಿಗಾರರು. ಯಕ್ಷಗಾನದಲ್ಲಿ ಮದ್ದಳೆ ಬಾರಿಸುವವರು ಮದ್ದಳೆಗಾರರು. ಬಳೆ ತೊಡಿಸುವವರು ಬಳೆಗಾರರು, ಎಣ್ಣೆ ತೆಗೆಯುವವರು ಗಾಣಿಗರು. ಗಾರ, ಇಗ, ವಳ ಮೊದಲಾದ ಪ್ರತ್ಯಯಗಳನ್ನು ನಮ್ಮ ಹಳೆಯ ವೈಯಾಕರಣರು ತದ್ಧಿತ ಪ್ರಕರಣದಲ್ಲಿ ವಿವರಿಸಿದ್ದಾರೆ. ಅಡಿಕೆಯ ಮರವೇರಿ ಕೊನೆ ಕೊಯ್ಯುವವನನ್ನು ನಮ್ಮ ತೋಟಿಗರು ಕೊನೆಗೌಡನೆಂದು ಎರಡು ಶಬ್ದ ಕೂಡಿಸಿ ಕರೆದರು. ಮರದಿಂದ ಮರಕ್ಕೆ ದಾಟುವ ಆ ಕಠಿಣವಾದ ಕುಶಲತೆಯನ್ನು ಹೇಳುವದಕ್ಕೆ ಅವರಿಗೆ ಯಾವ ಸಂಬಂಧಾರ್ಥಕ ಸರ್ವನಾಮವೂ ಬೇಕಾಗಲಿಲ್ಲ. ಪಂಡಿತರ ಸೂತ್ರವೂ ತೋಟದವರ ಮಾತೂ ಇಲ್ಲಿ ಒಂದೇ ಕಡೆಗೆ ಕೈ ತೋರಿಸುತ್ತವೆ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಇಂಗ್ಲಿಷಿನ ರೀತಿಯಲ್ಲಿ ವಿದ್ಯೆಯು ವಿದ್ವಾಂಸನ ಸೊತ್ತು. ಅವನದು ಇಂಥ ಕ್ಷೇತ್ರವೆಂದು ಹೊಲದ ಗಡಿಯನ್ನು ಗುರುತಿಸಿದಂತೆ ಹೇಳುವದು. ಕನ್ನಡವು ಹಾಗೆ ಹೇಳುವದಿಲ್ಲ. ಅವರಿಗೆ ಸಂಸ್ಕೃತ ಬರುತ್ತದೆ, ಇವರಿಗೆ ತಾಳ ಗೊತ್ತು, ಆತನಿಗೆ ಈಜು ಬರುತ್ತದೆ ಎಂದು ಚತುರ್ಥೀ ವಿಭಕ್ತಿಯಲ್ಲಿ ಹೇಳುವದು ನಮ್ಮ ನುಡಿಯ ಸಹಜ ರೀತಿಯು. ವಿದ್ಯೆಯು ಮನುಷ್ಯನ ಒಡೆತನಕ್ಕೆ ಸೇರಿದ ವಸ್ತುವಲ್ಲ, ಅವನ ಬಳಿಗೆ ಬರುವಂಥಾದ್ದು ಎಂಬ ಭಾವವು ಈ ಪ್ರಯೋಗದಲ್ಲಿ ಅಡಗಿದೆ. ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಹಣೆಗಣ್ಣ ಎಂಬುದನ್ನು ಬಿಡಿಸುವಾಗಲೂ ಹಣೆಯಲ್ಲಿ ಕಣ್ಣು ಆವಂಗೋ ಅವನು ಎಂದು ಚತುರ್ಥಿಯನ್ನೇ ಬಳಸುತ್ತಾರೆ. ಸಂಸ್ಕೃತದ ಷಷ್ಠಿಯನ್ನು ಹಾಗೆಯೇ ಇಳಿಸಿಕೊಂಡಿಲ್ಲ. ಭಟ್ಟಾಕಳಂಕರಿಗೆ ಆರು ಭಾಷೆಗಳು ಬರುತ್ತಿದ್ದವು ಎಂದು ನಾವು ಮೇಲೆ ಬರೆದುದು ಇದೇ ರೀತಿಯಲ್ಲಿ. ಆರು ಭಾಷೆಗಳ ಒಡೆಯರು ಎಂದಿದ್ದರೆ ಆ ಯತಿಗಳಿಗೆ ಅದು ಒಪ್ಪುತ್ತಲೂ ಇರಲಿಲ್ಲ.

ಯಾರು, ಯಾರ, ಯಾವನು ಎಂಬ ಶಬ್ದಗಳಿಂದ ಆರಂಭಿಸಿ ಅವರು, ಅವನು ಎಂದು ಮುಗಿಸುವ ವಾಕ್ಯಗಳು ಕನ್ನಡಕ್ಕೆ ಹೊಸವೆಂದು ನಾವು ಹೇಳುವದಿಲ್ಲ. ಆವನೋ ಅವನು ಎಂಬ ಜೋಡಿಯು ಹಳಗನ್ನಡದಿಂದಲೂ ಬಂದುದೇ. ಆದರೆ ಅದಕ್ಕೊಂದು ಜಾಗವಿದೆ. ಇಂಥವರೆಂದು ಗೊತ್ತಿಲ್ಲದಾಗ ಅದು ಸಲ್ಲುತ್ತದೆ. ಯಾರ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೋ ಅವರು ಲಸಿಕೆಗೆ ಬರತಕ್ಕದ್ದು ಎಂದು ಡಂಗುರ ಹೊಡೆದರೆ ತಪ್ಪೇನೂ ಇಲ್ಲ. ಅಲ್ಲಿ ಮನೆ ಯಾವುದೆಂದು ಯಾರಿಗೂ ತಿಳಿದಿಲ್ಲ. ಆದರೆ ಹೆಸರು ಹೇಳಿ ಎದುರಿಗೆ ಕುಳ್ಳಿರಿಸಿದ ಅತಿಥಿಯನ್ನು ಕುರಿತು ಯಾರ ವಿಷಯವು ಇತಿಹಾಸವಾಗಿದೆಯೋ ಅಂಥ ಇವರು ಎಂದರೆ ಕನ್ನಡದ ಕಿವಿಗೆ ಒಡನೆಯೇ ಮುಳ್ಳು ಚುಚ್ಚಿದಂತಾಗುವದು. ಕನ್ನಡದಲ್ಲಿ ಯಾರು ಎಂಬುದು ಮೂಲತಃ ಪ್ರಶ್ನೆಯ ಶಬ್ದವು. ಮನುಷ್ಯನು ಯಾರೆಂದು ಗೊತ್ತಾದ ಮೇಲೆಯೂ ಯಾರ ಎಂದು ಕೇಳುವದು ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳಿದ ಹಾಗೆ. ಇತಿಹಾಸವನ್ನು ಬಲ್ಲ ಇವರು ಎಂದರೆ ಅವರಿಗೂ ಗೌರವ, ಭಾಷೆಗೂ ಗೌರವ.

ಈಗ ಆಚಾರ್ಯರ ಗ್ರಂಥದ ಮುಂದಿನ ಚರಿತ್ರಕ್ಕೆ ಬರುವೆವು. ಅವರ ಬಳಿಕ ಈ ಸೀಮೆಯ ಸಂಸ್ಥಾನಗಳು ಒಂದೊಂದಾಗಿ ಅಳಿದವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಸ್ವಲ್ಪದರಲ್ಲಿಯೇ ಸೋದೆಯನ್ನೂ ವಶಪಡಿಸಿಕೊಂಡನು. ಸೋದೆಯ ಅರಸು ಗೋವೆಯ ಕಡೆಗೆ ಹೋದನು. ಕೋಟೆ ಬಿತ್ತು, ಅರಮನೆಯ ನೆಲದಲ್ಲಿ ಕಾಡು ಬೆಳೆಯಿತು. ಆದರೆ ಶಬ್ದಾನುಶಾಸನವು ಓಲೆಗರಿಗಳ ಪ್ರತಿಗಳಲ್ಲಿ ಉಳಿಯಿತು. ಅರಸರು ಉಳಿಸಲಾರದುದನ್ನು ಲಿಪಿಕಾರರು ಉಳಿಸಿದರು. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಲೂಯಿ ರೈಸರು ಈ ಗ್ರಂಥವನ್ನು ಸಂಪಾದಿಸಿ 1890ರಲ್ಲಿ ಬೆಂಗಳೂರಿನಲ್ಲಿ ಅಚ್ಚುಮಾಡಿಸಿದರು. ಕವಿಚರಿತೆಯ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ ಮತ್ತೆ ಪ್ರಕಟಿಸಿದರು. 1890ರಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತೆಂಬುದು ಇಲ್ಲಿ ನೆನೆಯತಕ್ಕದ್ದು. ಕನ್ನಡವು ಶಾಸ್ತ್ರಕ್ಕೆ ತಕ್ಕುದೆಂದು ವಾದಿಸಿದ ಹಳೆಯ ಗ್ರಂಥವೂ, ಕನ್ನಡವು ಶಿಕ್ಷಣಕ್ಕೂ ಆಡಳಿತಕ್ಕೂ ತಕ್ಕುದೆಂದು ವಾದಿಸಲು ಹುಟ್ಟಿದ ಹೊಸ ಸಂಘವೂ ಒಂದೇ ವರುಷದಲ್ಲಿ ಬೆಳಕು ಕಂಡವು.

ಆಡಳಿತದ ಮಾತು ಬಂದಿತು. ನಮ್ಮ ಜಿಲ್ಲೆಯು 1862ರಲ್ಲಿ ಮದ್ರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಲ್ಪಟ್ಟಿತು. ಆ ಬಳಿಕ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಮರಾಠಿ, ಇವುಗಳ ನಡುವೆ ಇಲ್ಲಿಯ ಕನ್ನಡವು ತನ್ನ ಕಾಲಮೇಲೆ ನಿಲ್ಲಬೇಕಾಯಿತು. ಸಿದ್ಧಾಪುರ, ಸಿರಸಿಗಳ ರೈತರು 1930ರ ದಶಕದ ಆರಂಭದಲ್ಲಿ ಕರನಿರಾಕರಣೆಯ ಹೋರಾಟದಲ್ಲಿ ಭೂಮಿಯನ್ನೂ ದನಕರುಗಳನ್ನೂ ಕಳೆದುಕೊಂಡದ್ದು ಸ್ವರಾಜ್ಯಕ್ಕಾಗಿ. ಸ್ವರಾಜ್ಯವೆಂದರೆ ತಮಗೆ ಅರ್ಥವಾಗುವ ಮಾತಿನಲ್ಲಿ ರಾಜ್ಯವು ನಡೆಯುವದೆಂಬ ಆಸೆಯೂ ಅದರಲ್ಲಿ ಸೇರಿತ್ತೆಂದು ನಾವು ತಿಳಿಯುತ್ತೇವೆ. 1956ರ ನವೆಂಬರ 1ರಂದು ಕನ್ನಡನಾಡು ಒಂದಾಯಿತು. 1963ರಲ್ಲಿ ಕನ್ನಡವು ಕಾಯಿದೆಯ ಮೂಲಕ ರಾಜ್ಯದ ಆಡಳಿತ ಭಾಷೆಯಾಯಿತು. ಕಾಯಿದೆಯು ತನ್ನ ಕೆಲಸವನ್ನು ಮಾಡಿದೆ. ಉಳಿದುದು ಬರೆಯುವವರ ಕೈಯಲ್ಲಿದೆ.

ಆ ಕೈಯು ಹೇಗೆ ನಡೆಯುತ್ತಿದೆ? ಯಾರ ಹೆಸರುಗಳು ಸದರಿ ಪಟ್ಟಿಯಲ್ಲಿ ನಮೂದಿಸಲ್ಪಟ್ಟಿವೆಯೋ ಅಂಥ ಎಲ್ಲ ವ್ಯಕ್ತಿಗಳು, ಯಾರ ಪರಿಣತಿಯ ಕ್ಷೇತ್ರವು ತೋಟಗಾರಿಕೆಯಾಗಿರುತ್ತದೆಯೋ ಅಂಥ ಅಭ್ಯರ್ಥಿಗಳು ಎಂಬ ಧಾಟಿಯ ವಾಕ್ಯಗಳು ಸುತ್ತೋಲೆಗಳಲ್ಲಿ ಕಾಣುತ್ತವೆ. ಇವು ಕನ್ನಡ ಲಿಪಿಯನ್ನು ಹೊದ್ದ ಇಂಗ್ಲಿಷ್ ವಾಕ್ಯಗಳು. ಪಟ್ಟಿಯಲ್ಲಿ ಹೆಸರಿರುವವರು, ತೋಟಗಾರಿಕೆಯನ್ನು ಬಲ್ಲ ಅಭ್ಯರ್ಥಿಗಳು ಎಂದು ಬರೆದರೆ ಅರ್ಥದಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗದು. ಕಾಗದವೂ ಉಳಿಯುವದು, ಓದುವವನ ವೇಳೆಯೂ ಉಳಿಯುವದು. ಕಾಯಿದೆಯ ವಾಕ್ಯಕ್ಕೆ ನಿಖರತೆ ಬೇಕಾಗುವದರಿಂದ ಈ ಸುತ್ತು ಅನಿವಾರ್ಯವೆಂದು ಅಧಿಕಾರಿಗಳಾದ ನಮ್ಮ ಮಿತ್ರರು ಹೇಳಬಹುದು. ನಿಖರತೆಯು ವಾಕ್ಯದ ಉದ್ದದಲ್ಲಿಲ್ಲ. 592 ಸೂತ್ರಗಳಲ್ಲಿ ಒಂದು ಭಾಷೆಯ ಕಟ್ಟನ್ನೆಲ್ಲ ಹಿಡಿದ ಆಚಾರ್ಯರ ಗ್ರಂಥವೇ ಅದಕ್ಕೆ ಸಾಕ್ಷಿಯು. ಒಂದೇ ಕೃದಂತದಲ್ಲಿ ಹಿಡಿಯಲಾಗದಷ್ಟು ಷರತ್ತುಗಳಿರುವಲ್ಲಿ ವಾಕ್ಯವನ್ನು ಎರಡಾಗಿ ಒಡೆದು ಬರೆಯುವ ಸ್ವಾತಂತ್ರ್ಯವು ಯಾವಾಗಲೂ ಇದ್ದೇ ಇದೆ.

ಇದು ಬರಿಯ ಸೊಗಸಿನ ಪ್ರಶ್ನೆಯೂ ಅಲ್ಲ. ತನ್ನ ಜಮೀನಿನ ವಿಷಯದಲ್ಲಿ ಬಂದ ನೋಟೀಸನ್ನು ಹಿಡಿದುಕೊಂಡು ಹಳ್ಳಿಯ ರೈತನು ಪೇಟೆಗೆ ಬಂದು, ಇದರಲ್ಲಿ ಏನು ಬರೆದಿದೆಯೆಂದು ಇನ್ನೊಬ್ಬರನ್ನು ಕೇಳಬೇಕಾದರೆ, ಆ ನೋಟೀಸು ಕನ್ನಡದಲ್ಲಿದ್ದು ಆದ ಪ್ರಯೋಜನವೇನು? ಇಂಗ್ಲಿಷಿನ ಕಾಲದಲ್ಲಿ ಅವನು ಭಾಷೆ ಬಾರದೆ ಕೇಳುತ್ತಿದ್ದನು. ಇಂದು ಭಾಷೆ ಬಂದರೂ ಕೇಳುವಂತಾಗಿದೆ. ತನ್ನ ನುಡಿಯೇ ತನಗೆ ತಿಳಿಯದೆಂಬ ಅಳುಕು ಅವನ ಮನಸ್ಸಿನಲ್ಲಿ ಹುಟ್ಟಿದರೆ, ಕನ್ನಡವು ದೊಡ್ಡ ಕೆಲಸಗಳಿಗೆ ಆಗದೆಂಬ ಹಳೆಯ ಆಕ್ಷೇಪವು ಹೊಸ ದಾರಿಯಿಂದ ಮತ್ತೆ ಒಳಗೆ ಬಂದಂತಾಯಿತು. 1604ರಲ್ಲಿ ಆಚಾರ್ಯರು ಉತ್ತರ ಹೇಳಿ ಮುಗಿಸಿದ ಆಕ್ಷೇಪವದು. ಅಂದು ಅದನ್ನು ಎತ್ತಿದವರು ಹೊರಗಿನ ಪಂಡಿತರು. ಇಂದು ಅದಕ್ಕೆ ಎಡೆಮಾಡಿಕೊಡುತ್ತಿರುವವರು ಕನ್ನಡವನ್ನೇ ಬರೆಯುವ ನಾವು. ಪತ್ರಿಕೆಗಳವರೂ ಇದರಿಂದ ಹೊರತಲ್ಲ. ದೂರದಿಂದ ಬಂದ ವಾರ್ತೆಗಳನ್ನು ಅವಸರದಲ್ಲಿ ತರ್ಜುಮೆಮಾಡುವ ನಮ್ಮ ವೃತ್ತಿಯಲ್ಲಿ ಈ ವಕ್ರತೆಗೆ ಬಾಗಿಲು ಸದಾ ತೆರೆದೇ ಇರುತ್ತದೆ.

ಆದುದರಿಂದ ನಮ್ಮ ಸೂಚನೆಯು ಚಿಕ್ಕದು. ತಾಲೂಕಿನ ಕಚೇರಿಗಳಲ್ಲಿ ಮಾದರಿ ಪತ್ರಗಳನ್ನು ಸಿದ್ಧಪಡಿಸುವವರು, ಹೊರಡಿಸುವ ಮೊದಲು ಅವನ್ನು ಒಮ್ಮೆ ಬಾಯಿಬಿಟ್ಟು ಓದಲಿ. ಕಿವಿಗೆ ಒಪ್ಪದ ವಾಕ್ಯವು ಕಣ್ಣಿಗೂ ಒಪ್ಪಬಾರದು. ಪ್ರೌಢಶಾಲೆಗಳಲ್ಲಿ ಕೃದಂತವನ್ನೂ ತದ್ಧಿತವನ್ನೂ ಪರೀಕ್ಷೆಯ ಒಂದು ಅಂಕಕ್ಕಾಗಿ ಬಾಯಿಪಾಠಮಾಡಿಸುವ ಬದಲು, ಊರಿನ ಗುಡಿಗಾರ ಮದ್ದಳೆಗಾರ ಕೊನೆಗೌಡರ ಹೆಸರುಗಳಿಂದಲೇ ಅವನ್ನು ಕಲಿಸಲಿ. ಸೋದೆಗೆ ಯಾತ್ರಿಕರು ವರುಷವಿಡೀ ಬರುತ್ತಾರೆ. ವಾದಿರಾಜರ ಸನ್ನಿಧಿಯನ್ನು ದರ್ಶಿಸಿ ಹೋಗುವ ಅವರಿಗೆ, ಕನ್ನಡದ ಮಹಾವೈಯಾಕರಣರ ಪರಂಪರೆಯೂ ಇದೇ ಸೀಮೆಯದೆಂಬುದನ್ನು ಶಾಲೆಯ ಮಕ್ಕಳು ಹೇಳುವಂತಾಗಲಿ. ಭಟ್ಟಾಕಳಂಕದೇವರು ಕನ್ನಡಕ್ಕೆ ಹೊಸ ಶಕ್ತಿಯನ್ನೇನೂ ಕೊಡಲಿಲ್ಲ. ಅದರಲ್ಲಿ ಇದ್ದ ಶಕ್ತಿಯನ್ನು ಎಣಿಸಿ ತೋರಿಸಿದರು. ಅವರು ಎಣಿಸಿ ಕೊಟ್ಟುದನ್ನು ಕಳೆಯದೆ ಬಳಸುವದಷ್ಟೇ ನಮ್ಮ ಪಾಲಿನ ಕೆಲಸವಾಗಿದೆ.